ಕ್ಯಾನಿಗೆ ಹಾಕಿದ ಕೊಸರು

ಮೊನ್ನೆ ಹಗರಿಬೊಮ್ಮನಹಳ್ಳಿಯ ಲ್ಯಾಬಿನಲ್ಲಿ ಹುಡುಗಿ ನನ್ನ ಮುಂದೆ ಐದು ಲೀಟರಿನ ಬಿಳಿ ಕ್ಯಾನ್ ಇಟ್ಟಳು. ಮುಚ್ಚಳ ತೆಗೆದರೆ ಹೊಸ ಪ್ಲಾಸ್ಟಿಕ್ಕಿನ ವಾಸನೆ. "ಒಂದು ದಿನದ ಮೂತ್ರ ಪೂರ್ತಿ ಇದರಾಗ ಹಿಡೀರಿ ಸರ" ಎಂದಳು. ನನಗೆ ಕೊಟ್ಟೂರಿನ ಎಣ್ಣೆ ಅಂಗಡಿ ಕಾಕಾ ನೆನಪಾದರು...

ಅವರ ಅಂಗಡಿ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಶೇಂಗಾ ಎಣ್ಣೆ ಅಳೆದ ಮೇಲೆ ಒಂದಿಷ್ಟು ಕೊಸರು ಹಾಕದೆ ಯಾರ ಡಬ್ಬಿಯನ್ನೂ ಅವರು ತಿರುಗಿ ಕೊಟ್ಟವರಲ್ಲ. ಮೊಣಕಾಲು ನೋವಿಗೆ ದಿನಾ ಗುಳಿಗೆ ನುಂಗುತ್ತಿದ್ದರು. ಒಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚು ಬಂತು. ಕಿಡ್ನಿ ಎಷ್ಟು ಕೆಲಸ ಮಾಡುತ್ತದೆಂದು ಅಳೆಯಲು ಇಪ್ಪತ್ನಾಲ್ಕು ತಾಸಿನ ಮೂತ್ರ ಬೇಕು, ಅದೂ ಕೆಟ್ಟು ಬಂದರೆ ಗುಳಿಗೆ ಬಿಡಲೇಬೇಕು ಎಂದರು ಡಾಕ್ಟರು. ನಾನು ದಿನಾ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಕೆಲಸಕ್ಕೆ ಹೋಗುವವನು. ಕ್ಯಾನ್ ಮುಟ್ಟಿಸುವ ಹೊಣೆ ನನ್ನ ಮೇಲೆ ಬಿತ್ತು.

ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ ಕೈಗೆ ಬಂದ ಕ್ಯಾನ್ ಮುಕ್ಕಾಲು ತುಂಬಿತ್ತು. ಇದೇನು ಕಾಕಾ ಇಷ್ಟೊಂದು ಎಂದೆ.

"ಒಂದ್ ದಿನಕ್ಕ ಅರ್ಧಾನೂ ಆಗ್ಲಿಲ್ಲ ತಮ್ಮಾ. ಕಡಿಮಿ ಅಳತಿ ಹೆಂಗ ಕಳಸ್ಲಿ? ಎರಡು ದಿನದ್ದು ಕೂಡಿಸೀನಿ."

ಬಸ್ಸಿನುದ್ದಕ್ಕೂ ಒಳಗೊಳಗೇ ನಕ್ಕೆ. ಲ್ಯಾಬಿನವನು "ಇಪ್ಪತ್ನಾಲ್ಕು ತಾಸಿಂದ ಹೌದಲ್ರಿ?" ಎಂದು ಕೇಳಿದ. ಅಲ್ಲ ಎಂದರೆ ಖಾಲಿ ಕ್ಯಾನ್ ಒಯ್ದು, ಮತ್ತೊಮ್ಮೆ ಬಸ್ಸಿನ ಜನರ ನಡುವೆ ಇನ್ನೊಬ್ಬರ ಮೂತ್ರ ಹೊತ್ತು ತರಬೇಕು. ಕೆಲಸಕ್ಕೂ ಹೊತ್ತಾಗಿತ್ತು. "ಹೌದ್ರಿ" ಎಂದೆ. ಎರಡು ದಿನದ್ದನ್ನು ಒಂದು ದಿನದ್ದೆಂದು ಅಳೆದರೆ ಸೋತ ಕಿಡ್ನಿಯೂ ಗಟ್ಟಿಯಾಗಿ ಕಾಣುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಆದರೆ ಹೇಳಿದ್ದು ಸುಳ್ಳು ಎಂಬುದು ಗೊತ್ತಿತ್ತಲ್ಲ.

ರಿಪೋರ್ಟ್ ಚೆನ್ನಾಗಿ ಬಂತು. ಕಾಕಾ ಗುಳಿಗೆ ಬಿಡಲಿಲ್ಲ. ಅವತ್ತು ನನ್ನ ಡಬ್ಬಿಗೆ ಎರಡು ಸಲ ಕೊಸರು ಹಾಕಿ, "ನಿನ್ನಿಂದ ಚೊಲೋ ಆತು ತಮ್ಮಾ" ಎಂದರು.

ವರ್ಷ ತುಂಬುವಷ್ಟರಲ್ಲಿ ಅವರ ಕಾಲು ಬಾತವು, ಆಮೇಲೆ ಮುಖ... ಗುಳಿಗೆ ಆಗಲೇ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿದಾಗ ನಾನೂ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಕಾಕಾ ತೀರಿಹೋದ ಮೇಲೆ ಎಲ್ಲರಿಗಿಂತ ಮುಂದೆ ನಿಂತು ಹೆಗಲು ಕೊಟ್ಟೆ. ಊರವರು ನನ್ನನ್ನು ಹೊಗಳಿದರು. ಹೇಡಿಗೆ ಸಿಕ್ಕ ಹೊಗಳಿಕೆ ಅದು, ಇಂದಿಗೂ ಕಹಿ.

ನಿನ್ನೆ ನನ್ನ ಕ್ಯಾನ್ ತಿರುಗಿ ಒಯ್ದು ಕೊಟ್ಟೆ. ಅರ್ಧವೂ ತುಂಬಿರಲಿಲ್ಲ.

"ಒಂದೇ ದಿನದ್ದು ಹೌದಲ್ರಿ ಸರ?" ಎಂದಳು ಹುಡುಗಿ.

"ಹೌದವ್ವಾ" ಎಂದೆ. ನನ್ನದೇ ಕಿಡ್ನಿ ಅಲ್ಲವೇ, ಈ ಸಲ ಸುಳ್ಳು ಬಾಯಿಗೆ ಬರಲಿಲ್ಲ.