ಕೂಲ್ ಮಾವ ಬೆವೆತ ಮಧ್ಯಾಹ್ನ

ನಮ್ಮ ಬೀದಿಯ ಫ್ರಿಜ್ ರಿಪೇರಿಯವನಿಗೆ ಕೂಲ್ ಮಾವ ಎಂಬ ಹೆಸರು ಕಸುಬಿನಿಂದ ಬಂದದ್ದಲ್ಲ, ಬಾಯಿಂದ ಬಂದದ್ದು. ಆ ಒಂದು ಇಂಗ್ಲಿಷ್ ಪದ ಅವನ ನಾಲಿಗೆಯ ಮೇಲೆ ಕಾಯಂ ಬಾಡಿಗೆದಾರನಂತೆ ಕೂತಿತ್ತು. ಅದು ಮಾಡದ ಕೆಲಸವಿರಲಿಲ್ಲ. ಯಾರಾದರೂ ಹೊಸ ಅಂಗಿ ತೊಟ್ಟು ಬಂದರೆ "ಕೂಲ್". ಭಾವಮೈದುನ ಸ್ಕೂಟರ್ ಕೇಳಿ ಒಯ್ದು, ಕನ್ನಡಿ ಒಡೆದು ತಂದು ನಿಲ್ಲಿಸಿದರೆ ಅದಕ್ಕೂ "ಕೂಲ್", ಹೋಗಲಿ ಬಿಡು ಎಂಬಂತೆ. ಹೆಂಡತಿ ಹಲ್ಲು ಕಡಿದರೆ "ಕೂಲ್, ಕೂಲ್" ಎಂದು ಸಮಾಧಾನ. ಅವಳು ಮಾತೇ ಬಿಟ್ಟರೆ ಮತ್ತೊಂದು "ಕೂಲ್", ಸದ್ಯ ಬದುಕಿದೆ ಎಂಬ ಉಸಿರಿನ ಜೊತೆ. ತಮಾಷೆಯೆಂದರೆ, ತಣ್ಣಗಿರುವ ವಸ್ತುವೊಂದನ್ನು ಅವನು ಕೂಲ್ ಎಂದದ್ದನ್ನು ಯಾರೂ ಕೇಳಿರಲಿಲ್ಲ. ರಿಪೇರಿಯಾದ ಫ್ರಿಜ್ಜಿನ ಮುಂದೆ ನಿಂತು "ಆಯ್ತು" ಎನ್ನುತ್ತಿದ್ದ, ಅಷ್ಟೇ.

ಆಮೇಲೆ ಚೀಲದಿಂದ ಟೇಪ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಡ್ಡ ಅಂಟಿಸುತ್ತಿದ್ದ. "ಅಮ್ಮಾ, ಸಂಜೆ ತನಕ ಇದನ್ನ ಕೀಳಬೇಡಿ. ತಣ್ಣಗಾಯ್ತಾ ಅಂತ ತೆಗೆದು ತೆಗೆದು ನೋಡಿದ್ರೆ ಅದು ಜನ್ಮದಲ್ಲಿ ತಣ್ಣಗಾಗಲ್ಲ." ತಣ್ಣೀರನ್ನೂ ತಣಿಸಿ ಕುಡಿಯುವ ಆಸಾಮಿ. ಅವನ ಹಣೆಯಲ್ಲಿ ಬೆವರು ಕಂಡವರಿಲ್ಲ.

ಕಂಡದ್ದು ಮಗಳ ಹೂವಿನಂಗಡಿಯಲ್ಲಿ.

ಮಗಳು ಅಂಗಡಿಯ ಹಿಂದೆ ಹೂವಿಡುವುದಕ್ಕೆ ಒಂದು ಕೋಲ್ಡ್ ರೂಮ್ ಮಾಡಿಸಬೇಕೆಂದಾಗ, ಹೊಸ ಯಂತ್ರ ಬೇಡವೆಂದು ಹಟ ಹಿಡಿದವನು ಇವನೇ. "ಅಪ್ಪ ಇರೋವಾಗ ಹೊಸದ್ಯಾಕೆ? ಕೂಲ್." ಎಲ್ಲಿಂದಲೋ ಹಳೆಯದೊಂದನ್ನು ಹೊತ್ತು ತಂದು ಕೂಡಿಸಿದ. ಅಷ್ಟರಲ್ಲಿ ಮಗಳಿಗೆ ಮೊದಲ ದೊಡ್ಡ ಆರ್ಡರ್ ಬಂತು. ಮದುವೆ ಛತ್ರವೊಂದರ ಅಲಂಕಾರದವನದು; ಬೆಳಿಗ್ಗೆ ಬರುವ ಹೂವನ್ನು ಸಂಜೆಯವರೆಗೆ ಕಾಪಾಡಿ ಕೊಡಬೇಕು. ಹೂವು ಚೆನ್ನಾಗಿದ್ದರೆ ವರ್ಷವಿಡೀ ಕೆಲಸ ಅವಳದೇ, ಬಾಡಿದ್ದರೆ ಮತ್ತೆ ಈ ಕಡೆ ಬರಬೇಡಿ ಎಂದು ಅಲಂಕಾರದವನು ಮುಖಕ್ಕೇ ಹೇಳಿದ್ದ.

ಆ ದಿನ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಬಕೆಟ್ಟುಗಟ್ಟಲೆ ಗುಲಾಬಿ ಒಳಗೆ ಹೋದವು. ಯಂತ್ರ ಗುರ್ ಎಂದಿತು. ಮುಹೂರ್ತ ಸರಿಯಾಗಿಯೇ ಇತ್ತು.

ಸ್ವಲ್ಪ ಹೊತ್ತಿಗೆ ಮಗಳು ಬಾಗಿಲು ತೆಗೆದು ಗೋಡೆಯ ಥರ್ಮಾಮೀಟರ್ ನೋಡಿದಳು. "ಅಪ್ಪಾ, ಇಳೀತಾನೇ ಇಲ್ಲ." ಅಪ್ಪ ಹೋಗಿ ನೋಡಿದ. ಭಾವಮೈದುನ ಹೋಗಿ ಎಲ್ಲ ಬಕೆಟ್ಟಿಗೂ ಬೆರಳದ್ದಿ "ಭಾವ, ಸ್ನಾನಕ್ಕೆ ಹದವಾಗಿದೆ" ಎಂದು ವರದಿ ಒಪ್ಪಿಸಿದ. ಮತ್ತೆ ಮಗಳು, ಮತ್ತೆ ಅಪ್ಪ. ಕೊನೆಗೆ ಮೂವರೂ ಒಟ್ಟಿಗೆ ಒಳಹೊಕ್ಕು, ದೊಡ್ಡ ಬಲ್ಬು ಹಾಕಿಕೊಂಡು, ಬಾಗಿಲು ಹಾರು ಹೊಡೆದು, ಥರ್ಮಾಮೀಟರಿನ ಮುಂದೆ ಫಲಿತಾಂಶದ ಬೋರ್ಡಿನ ಮುಂದೆ ನಿಂತವರಂತೆ ನಿಂತರು. ಮುಳ್ಳು ಇಳಿಯುವ ಬದಲು ಒಂದು ಗೆರೆ ಏರಿತು. ಮೇಲಿನ ಸಾಲಿನ ಒಂದು ಗುಲಾಬಿ ಕತ್ತು ಬಗ್ಗಿಸಿತು.

ಆಗ ಕೂಲ್ ಮಾವನ ಹಣೆಯಲ್ಲಿ ಬೆವರೊಡೆಯಿತು. ಮಹಾರಥಿ ಆಯುಧಶಾಲೆಗೆ ನುಗ್ಗಿದಂತೆ ಚೀಲಕ್ಕೆ ಕೈಹಾಕಿ ಅತಿ ದೊಡ್ಡ ಸ್ಪ್ಯಾನರ್ ಹೊರಗೆಳೆದ.

"ಗ್ಯಾಸ್ ಹೋಗಿರಬೇಕು. ಬಿಚ್ಚೇ ಬಿಡ್ತೀನಿ."

"ಬಿಚ್ಚಿದ್ರೆ ಸಂಜೆಯೊಳಗೆ ಕೂಡಿಸೋಕೆ ಆಗತ್ತಾ ಅಪ್ಪಾ?" ಮಗಳ ದನಿ ಸಣ್ಣಗಾಗಿತ್ತು.

ಅಪ್ಪ ಸ್ಪ್ಯಾನರನ್ನು ನಟ್ಟಿಗೆ ಹಾಕಿದ. ಕೂಲ್ ಎನ್ನಲಿಲ್ಲ. ಅದನ್ನು ಕೇಳಿಯೇ, ಅಂದರೆ ಆ ಪದ ಕೇಳದೆಯೇ, ಹೊರಗೆ ದಾರ ಕತ್ತರಿಸುತ್ತ ಕೂತಿದ್ದ ಹೆಂಡತಿ ಎದ್ದು ಬಂದಳು.

"ಏನ್ರೀ, ಊರೋರ ಫ್ರಿಜ್ಜಿಗೆಲ್ಲ ಟೇಪ್ ಹಚ್ಚಿ ಬರ್ತೀರಲ್ಲ. ಇದಕ್ಕೆ ಹಚ್ಚಿದ್ರಾ?"

"ಅದು ಗಿರಾಕಿಗಳಿಗೆ ಕಣೇ. ನಾವು ನಾವೇ ಇರೋವಾಗ ಟೇಪ್ ಯಾಕೆ?"

"ಓಹೋ. ನಾವು ತೆಗೆದ್ರೆ ಬಿಸಿಗಾಳಿ ಚಪ್ಪಲಿ ಬಿಟ್ಟು ಹೊರಗೇ ನಿಲ್ಲತ್ತೋ?"

ಸ್ಪ್ಯಾನರ್ ಅರ್ಧದಲ್ಲೇ ನಿಂತಿತು. ಮಾವ ತೆರೆದ ಬಾಗಿಲನ್ನು ನೋಡಿದ, ಉರಿಯುವ ಬಲ್ಬನ್ನು ನೋಡಿದ, ಬಕೆಟ್ಟಿನಲ್ಲಿ ಇನ್ನೂ ಬೆರಳಿಟ್ಟುಕೊಂಡಿದ್ದ ಭಾವಮೈದುನನನ್ನು ನೋಡಿದ. ಮೆಲ್ಲಗೆ ಹೊರಗೆ ಬಂದ.

ಹೆಂಡತಿ ಬಲ್ಬು ಆರಿಸಿ, ಬಾಗಿಲು ಹಾಕಿ, ಅವನದೇ ಚೀಲದ ಟೇಪನ್ನು ಅಡ್ಡಡ್ಡ ಮೂರು ಸಾಲು ಅಂಟಿಸಿದಳು. ಸ್ಟೂಲು ಎಳೆದು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕೋಟೆಗೆ ಇದಕ್ಕಿಂತ ಭದ್ರ ಕಾವಲು ಯಾವ ಅರಸನಿಗೂ ಸಿಕ್ಕಿರಲಿಕ್ಕಿಲ್ಲ.

"ಅಕ್ಕಾ, ಒಂದೇ ಒಂದು ಸಲ ಇಣುಕಿ..."

"ಹತ್ತಿರ ಬಂದ್ರೆ ನಿನ್ನ ಬಾಯಿಗೂ ಟೇಪ್ ಉಳಿದಿದೆ ನೋಡು."

ಮಧ್ಯಾಹ್ನ ಬಸವನಹುಳುವಿನಂತೆ ತೆವಳಿತು. ಮಾವ ಮೂರು ಸಲ ಎದ್ದ, ಹೆಂಡತಿಯ ಹುಬ್ಬು ನೋಡಿ ಮೂರು ಸಲವೂ ಕೂತ. ಮಗಳು ಇದ್ದಬದ್ದ ರಿಬ್ಬನ್ನನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿದಳು.

ಬಿಸಿಲು ಇಳಿಯುವ ಹೊತ್ತಿಗೆ ಅಲಂಕಾರದವನ ವ್ಯಾನು ಬಂತು. ಹೆಂಡತಿ ಸ್ಟೂಲು ಸರಿಸಿದಳು. ಮಗಳು ಟೇಪ್ ಕಿತ್ತು ಒಳಗೆ ಹೋಗಿ, ಹಿಂದೆಯೇ ಬಾಗಿಲು ಹಾಕಿಕೊಂಡಳು. ಹೊರಗೆ ನಿಂತ ನಾಲ್ವರೂ ಬಾಗಿಲಿಗೇ ಕಣ್ಣು ನೆಟ್ಟರು.

ಅವಳು ಬಕೆಟ್ಟು ಹಿಡಿದು ಬಂದಳು. ಗುಲಾಬಿಗಳು ಈಗಷ್ಟೇ ನಿದ್ದೆ ಮುಗಿಸಿ ಎದ್ದ ಕೂಸುಗಳಂತಿದ್ದವು. ಕತ್ತು ಬಗ್ಗಿಸಿದ್ದ ಆ ಒಂದು ಕೂಡ ಸೆಟೆದು ನಿಂತಿತ್ತು. ಅಲಂಕಾರದವನು ಒಂದನ್ನೆತ್ತಿ ತಿರುಗಿಸಿ ನೋಡಿದ. "ಈ ಬಿಸಿಲಲ್ಲಿ ಇಷ್ಟು ಫ್ರೆಶ್ಶಾ? ಮುಂದಿನ ವಾರದ್ದಕ್ಕೂ ನೀವೇ ತಯಾರಿ ಮಾಡ್ಕೊಳಿ" ಎಂದ.

ಮಗಳು ಉಸ್ಸೆಂದು ಸ್ಟೂಲಿನ ಮೇಲೆ ಕೂತು ನಕ್ಕಳು. ನೀರು ತೊಟ್ಟಿಕ್ಕುವ ಒಂದು ಮೊಗ್ಗನ್ನು ಅಪ್ಪನ ಬೆವರಿದ ಕೆನ್ನೆಗೆ ಒತ್ತಿ, "ಹೇಗಿದೆ?" ಎಂದಳು.

ಮಾವ ಕಣ್ಣು ಮುಚ್ಚಿದ. ಇಷ್ಟು ವರ್ಷ ಊರೆಲ್ಲ ಅಲೆದಾಡಿದ್ದ ಆ ಪದ ಕೊನೆಗೂ ತನ್ನ ತವರಿಗೆ ಬಂದಿಳಿಯಿತು.

"ಕೂಲ್," ಎಂದ.

"ಒಳಗೆ ಇನ್ನೂ ಹೂವಿದೆ," ಎಂದಳು ಹೆಂಡತಿ. "ಮೊದಲು ಆ ಬಾಗಿಲು ಹಾಕ್ರಿ."