ಶವಪೆಟ್ಟಿಗೆಯ ಮುಂದೆ ಸಿಳ್ಳೆ

ನಮ್ಮ ಭಾವ ಬಾಯಿ ಬಿಟ್ಟರೆ ತಟ್ಟೆಗಳು ನಡುಗುತ್ತವೆ. ಇದು ಬಣ್ಣ ಹಚ್ಚಿ ಹೇಳುವ ಮಾತಲ್ಲ. ಅಕ್ಕ ಮದುವೆಯಾದ ಹೊಸತರಲ್ಲಿ, ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಏನಾದರೂ ಕೇಳಿದರೆ ಸಾಕು, ಶೆಲ್ಫಿನಲ್ಲಿ ಒಂದರ ಮೇಲೊಂದು ಜೋಡಿಸಿದ್ದ ಸ್ಟೀಲ್ ತಟ್ಟೆಗಳು ಸಣ್ಣಗೆ ಗುಂಯ್ ಅನ್ನುತ್ತಿದ್ದವು. ಅಕ್ಕ ನಡುನಡುವೆ ಹಳೇ ಬಟ್ಟೆ ತುಂಡು ಇಟ್ಟು ಅವುಗಳ ಬಾಯಿ ಮುಚ್ಚಿಸಿದಳು. ಗಂಡನ ಬಾಯಿ ಮುಚ್ಚಿಸೋದಕ್ಕಿಂತ ಇದು ಸುಲಭ ಅಂತ ನಗುತ್ತಿದ್ದಳು. ಆ ಬಾಯಿ ಮುಚ್ಚಿಸಲು ಹೊರಟವರು ಬೇರೆಯವರು. ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಭಾವನ ಕೆಲಸ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆ, ಕಿಟಕಿ ಇಲ್ಲ, ಗೋಡೆಯುದ್ದಕ್ಕೂ ಆಳೆತ್ತರದ ತೊಳೆಯುವ ಯಂತ್ರಗಳು. ವಾರ್ಡುಗಳಿಂದ ಬಂದ ಬೆಡ್‌ಶೀಟು, ಆಪರೇಷನ್ ಗೌನು ಎಲ್ಲ ಕುದಿನೀರಿನಲ್ಲಿ ತಿರುಗುವಾಗ ಪಕ್ಕದವರ ಮಾತೂ ಕೇಳಿಸದು. ಉಳಿದವರು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಭಾವ ಮೆಲ್ಲಗೆ ಮಾತಾಡುತ್ತಾರೆ, ಆ ಮಾತು ಯಂತ್ರಗಳ ಸದ್ದಿನ ಅಡಿಯಿಂದ ನುಸುಳಿ ಎಲ್ಲರನ್ನೂ ಮುಟ್ಟುತ್ತದೆ.

ಅವರ ಜೊತೆ ಶೀಟು ಮಡಿಚುತ್ತಿದ್ದದ್ದು ವಯಸ್ಸಾದ ಒಬ್ಬ ಹೆಂಗಸು. ಲಾಂಡ್ರಿಯವರಿಗೆಲ್ಲ ಆಕೆ ದೊಡ್ಡಮ್ಮ. ದೊಡ್ಡ ಶೀಟನ್ನು ಒಬ್ಬರೇ ಮಡಿಚೋದಕ್ಕಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಜಾಡಿಸಿ, ಹತ್ತಿರ ಬಂದು, ತುದಿಗೆ ತುದಿ ಸೇರಿಸಬೇಕು. ಇವರಿಬ್ಬರೂ ಅದನ್ನು ಹಾಡಿನ ತಾಳಕ್ಕೆ ಮಾಡುತ್ತಿದ್ದರು. ದೊಡ್ಡಮ್ಮನದು ಮೇಲಿನ ಸ್ವರ, ಭಾವನದು ಕೆಳಗಿನದು. ಹೆಚ್ಚಾಗಿ ಹಾಡುತ್ತಿದ್ದದ್ದು ಸಾವಿನ ನದಿ ದಾಟುವ ಒಂದು ಹಳೇ ಚರ್ಚಿನ ಹಾಡು. ನಾನು ಹೋದಾಗ ಇದನ್ನು ನೀನೇ ಹಾಡಬೇಕು ಅಂತ ದೊಡ್ಡಮ್ಮ ಮೊದಲೇ ಮಾತು ತೆಗೆದುಕೊಂಡಿದ್ದರು.

ಆ ದನಿಯಿಂದ ಭಾವ ಪಟ್ಟ ಪಾಡು ಕಡಿಮೆಯಲ್ಲ. ಹೈಸ್ಕೂಲಿನಲ್ಲಿ ಎಲ್ಲ ಹುಡುಗರ ಹಾಗೆ ಅವರ ಗಂಟಲೂ ಒಡೆಯಿತು. ಬೇರೆಯವರದು ಒಂದು ಕಡೆ ನಿಂತಿತು, ಇವರದು ಇಳಿಯುತ್ತಲೇ ಹೋಯಿತು. ಹಾಜರಿ ಕೂಗುವಾಗ ಅಣಕಿಸುತ್ತಿದ್ದಾನೆ ಅಂತ ಟೀಚರೊಬ್ಬರು ಕೆನ್ನೆಗೆ ಬಾರಿಸಿದರು. ಚರ್ಚಿನಲ್ಲಿ ಮಕ್ಕಳ ಗುಂಪಿನಿಂದ ಹೊರಗೆ ಹಾಕಿದರು. ಆಮೇಲೆ ಬಹಳ ಕಾಲ ಏನು ಕೇಳಿದರೂ ಬರೀ ತಲೆ ಆಡಿಸುತ್ತಿದ್ದರಂತೆ.

ಅವರನ್ನು ಕರೆದು ಹಾಡಿಸಿದವರು ಚರ್ಚಿನ ಹಾಡುವ ಗುಂಪು ನಡೆಸುವ ಕ್ವಾಯರ್ ಮೇಷ್ಟ್ರು. ನಾಲ್ಕು ಗಂಡಸರ ಗಾಸ್ಪೆಲ್ ತಂಡ ಕಟ್ಟುತ್ತಿದ್ದರು, ಎಲ್ಲಕ್ಕಿಂತ ಕೆಳಗಿನ ಬೇಸ್ ದನಿ ಸಿಕ್ಕಿರಲಿಲ್ಲ. ಬೇರೆ ಬೇಸ್ ಹಾಡುಗಾರರು ಎಲ್ಲಿ ಉಸಿರು ಕಟ್ಟಿ ನಿಲ್ಲುತ್ತಾರೋ ಅಲ್ಲಿ ಭಾವನ ದನಿ ಆರಾಮಾಗಿ ಕಾಲು ಚಾಚಿ ಕೂರುತ್ತದೆ. ಮೇಷ್ಟ್ರು ಮಾಡಿದ್ದು ದೊಡ್ಡ ಉಪಕಾರವೇ, ಅಲ್ಲಗಳೆಯುವುದಿಲ್ಲ. ಆದರೆ ಆ ಉಪಕಾರವನ್ನೇ ಮೂಗುದಾರ ಮಾಡಿ ಮುಂದೆ ಅವರನ್ನು ಎಳೆದಾಡಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಕ್ವಾಯರಿನಲ್ಲಿ ಹೆಂಗಸರ ಸಾಲಿನಲ್ಲಿ ನಾನೂ ಹಾಡುತ್ತಿದ್ದೆ.

ಬೇಸ್ ಹಾಡೋದು ಅಂದರೆ ಹೇಗೆ ಭಾವ ಅಂತ ಒಮ್ಮೆ ಕೇಳಿದ್ದೆ. "ಎದ್ದು ಕೇಳಿಸಬೇಕು ಅಂತೇನಿಲ್ಲಮ್ಮ. ಮೇಲೆ ಹಾಡೋರಿಗೆ ಕಾಲ ಕೆಳಗೆ ನೆಲ ಇದೆ ಅನ್ನಿಸಿದ್ರೆ ಸಾಕು," ಅಂದಿದ್ದರು. ವರ್ಷಗಟ್ಟಲೆ ಹಾಗೇ ಹಾಡಿದರು. ಯಾರೂ ಅವರ ಕಡೆ ತಿರುಗಿ ನೋಡುತ್ತಿರಲಿಲ್ಲ, ಅವರಿಗೂ ಅದೇ ಬೇಕಾಗಿತ್ತು.

ಕೆಟ್ಟದ್ದು ಫೋನಿನಿಂದ. ಒಂದು ಭಾನುವಾರ ನದಿಯ ಹಾಡಿನ ಕೊನೆಯ ಪದದಲ್ಲಿ ಭಾವ ತಮಗೇ ಗೊತ್ತಿಲ್ಲದ ಹಾಗೆ ಇನ್ನೂ ಕೆಳಗೆ ಜಾರಿದರು. ನಾವು ನಿಂತಿದ್ದ ಹಲಗೆ ಅದುರಿತು. ಯಾರೋ ಅದನ್ನು ಹಿಡಿದು ಊರಿಗೆಲ್ಲ ಹರಿಬಿಟ್ಟರು. ಇಡೀ ಹಾಡನ್ನಲ್ಲ, ಆ ಒಂದೇ ಒಂದು ಸ್ವರವನ್ನು. ಮುಂದಿನ ವಾರದಿಂದ ಚರ್ಚಿನ ಹಿಂದಿನ ಬೆಂಚುಗಳು ಗುರುತಿಲ್ಲದ ಜನರಿಂದ ತುಂಬತೊಡಗಿದವು. ಅವರಿಗೆ ಪ್ರಾರ್ಥನೆ ಬೇಡ, ಪಾದ್ರಿಯ ಪ್ರಸಂಗ ಬೇಡ, ಆ ಸ್ವರ ಕೇಳಿ ನಕ್ಕು ಎದ್ದು ಹೋಗುತ್ತಿದ್ದರು.

ಮೇಷ್ಟ್ರಿಗೆ ಅಮಲೇರಿತು. ಪ್ರತಿ ಹಾಡಿನ ಕೊನೆಗೂ ಆ ಸ್ವರ ಅಂಟಿಸಿದರು. ಮಕ್ಕಳ ಕುರಿಮರಿ ಹಾಡನ್ನೂ ಬಿಡಲಿಲ್ಲ. ಮೈಕ್ ಹಿಡಿದು, ಈಗ ಪಾತಾಳಕ್ಕೆ ಇಳಿಯೋಣ, ಬೆಂಚು ಗಟ್ಟಿಯಾಗಿ ಹಿಡ್ಕೊಳ್ಳಿ ಅನ್ನುತ್ತಿದ್ದರು. ಜನ ಭಾವನಿಗೆ 'ಬಾವಿ' ಅಂತ ಹೆಸರಿಟ್ಟರು. ಬಾವಿ, ಇಳಿ, ಇನ್ನೂ ಇಳಿ ಅಂತ ಹಿಂದಿನಿಂದ ಕೂಗು. ಶೀತ ಆದಾಗ ದನಿ ಮತ್ತಷ್ಟು ತಗ್ಗುತ್ತದೆ ಅಂತ ಒಮ್ಮೆ ಮೇಷ್ಟ್ರು ಅವರಿಗೆ ಕೆಮ್ಮಿನ ಔಷಧಿ ಕುಡಿಯಬೇಡ ಅಂದರು. ಭಾವ ಕುಡಿಯಲಿಲ್ಲ. ವಾರವಿಡೀ ಕೆಮ್ಮುತ್ತ ಬಟ್ಟೆ ಗಾಡಿ ತಳ್ಳಿದರು. ಅಕ್ಕ ಕೂಗಾಡಿದಳು, ನಾನೂ ಕೂಗಾಡಿದೆ. ಕೈ ಹಿಡಿದು ಮೇಲೆ ತಂದವರು, ಹೋಗಲಿ ಬಿಡಿ ಅಂದರು ಭಾವ.

ಹೀಗಿರುವಾಗ ದೊಡ್ಡಮ್ಮ ತೀರಿಕೊಂಡರು. ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಮಗಳು ಬಂದು, ಅಮ್ಮ ಕೇಳಿದ್ದ ಹಾಡು ಅಂತಷ್ಟೇ ಹೇಳಿದಳು. ಭಾವ ಮೇಷ್ಟ್ರ ಹತ್ತಿರ ಹೋಗಿ, ಇದನ್ನು ಹಳೇ ರೀತಿಯಲ್ಲೇ ಹಾಡೋಣ, ಮೈಕಿನಲ್ಲಿ ಮಾತು ಬೇಡ ಅಂತ ಕೇಳಿಕೊಂಡರು. ಮೇಷ್ಟ್ರು ಆಗಲಿ ಅಂದರು.

ಬಾವಿ ಹಾಡುತ್ತಾನೆ ಅನ್ನುವ ಸುದ್ದಿ ಹೇಗೋ ಹಬ್ಬಿತ್ತು. ಚರ್ಚಿನಲ್ಲಿ ಎಲ್ಲಕ್ಕೂ ಮುಂದೆ ಶವಪೆಟ್ಟಿಗೆ, ಅದರ ಪಕ್ಕ ಮಗಳು, ಹಿಂದೆ ಲಾಂಡ್ರಿಯವರು ಕೆಲಸದ ಬಟ್ಟೆಯಲ್ಲೇ ಬಂದು ನಿಂತಿದ್ದರು. ಅವರ ಹಿಂದೆ ಫೋನ್ ಎತ್ತಿ ಹಿಡಿದವರ ಗುಂಪು. ಹಾಡು ಕೊನೆಗೆ ಬಂತು. ಭಾವ ಆ ಪದವನ್ನು ಮೆತ್ತಗೆ ಕೆಳಗಿಟ್ಟರು, ಮಲಗಿದ ಮಗುವಿಗೆ ಹೊದಿಕೆ ಹೊದಿಸಿದಷ್ಟು ಮೆತ್ತಗೆ. ಹಿಂದಿನಿಂದ ಸಿಳ್ಳೆ ಬಿತ್ತು. ಚಪ್ಪಾಳೆ ಬಿತ್ತು. ಒಬ್ಬ ಇನ್ನೊಂದ್ಸಲ ಅಂದ. ಮಗಳು ತಿರುಗಿ ನೋಡಿದಳು. ಆ ಮುಖ ನನಗೆ ಮರೆಯುವಂಥದ್ದಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮೇಷ್ಟ್ರು ನಸುನಕ್ಕು, ಕೊನೆಯ ಸಾಲು ಮತ್ತೆ ಅಂತ ತಂಡಕ್ಕೆ ಬೆರಳು ತಿರುಗಿಸಿದರು. ಉಳಿದ ಮೂವರು ಶುರುಮಾಡಿದರು. ಭಾವ ಬಾಯಿ ತೆರೆಯಲಿಲ್ಲ. ಅಡಿಪಾಯವಿಲ್ಲದೆ ಹಾಡು ಅಲ್ಲೇ ಕುಸಿಯಿತು.

ಹಾಡುವವರು ನಿಲುವಂಗಿ ಕಳಚುವ ಕೋಣೆಯಲ್ಲಿ ನಾನು ಬಾಗಿಲ ಹತ್ತಿರವೇ ಇದ್ದೆ. ಭಾವನ ದನಿ ಏರಲಿಲ್ಲ.

"ಆ ಮಗಳ ಹತ್ರ ಹೋಗಿ ತಪ್ಪಾಯ್ತು ಅನ್ನಿ ಮೇಷ್ಟ್ರೇ."

"ಸಿಳ್ಳೆ ಹೊಡೆದದ್ದು ನಾನಾ? ದೇವರು ಕೊಟ್ಟ ಸ್ವರ, ಜನ ಮೆಚ್ಚಿದ್ರು, ಅದ್ರಲ್ಲೇನು ತಪ್ಪು? ನಾನು ಕರೀದೇ ಇದ್ದಿದ್ರೆ ನೀನು ಇವತ್ತೂ ತಲೆ ಆಡಿಸ್ಕೊಂಡೇ ಇರ್ತಿದ್ದೆ."

"ಇರ್ತಿದ್ದೆ. ಸತ್ತೋರ ಮುಂದೆ ಕೋತಿ ಹಾಗೆ ಕುಣೀತಾ ಇರ್ಲಿಲ್ಲ."

ನಿಲುವಂಗಿಯನ್ನು ನೀಟಾಗಿ ಮಡಿಚಿ ಮೇಜಿನ ಮೇಲಿಟ್ಟು ಭಾವ ಹೊರಟುಬಂದರು. ಆಮೇಲೆ ಚರ್ಚಿನ ಹಿರಿಯರು ಮನೆಗೆ ಬಂದರು, ಮೇಷ್ಟ್ರಿಗೆ ಬುದ್ಧಿ ಹೇಳಿ ಬಂದದ್ದಲ್ಲ, ಭಾವನಿಗೆ ಬುದ್ಧಿ ಹೇಳಲು ಬಂದದ್ದು. ಸ್ವಲ್ಪ ಹೊಂದಿಕೊಂಡು ಹೋಗಬಾರದೇ, ಚರ್ಚು ತುಂಬುತ್ತಿದೆಯಲ್ಲ ಅಂದರು. ತುಂಬುವುದೇ ಮುಖ್ಯವಾದರೆ ಸರ್ಕಸ್ಸಿನವರನ್ನು ಕರೆಸಿ ಅಂದಳು ಅಕ್ಕ. ಹಿರಿಯರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮೇಷ್ಟ್ರು ಒಂದು ಡಬ್ಬಿ ತಂದರು. ಕಾಲಲ್ಲಿ ಒತ್ತಿದರೆ ಯಾರದೇ ದನಿಯನ್ನೂ ಒಂದು ಸ್ಥಾಯಿ ಕೆಳಗಿಳಿಸುವ ಯಂತ್ರ. ತಮ್ಮ ಅಳಿಯನನ್ನು ಭಾವನ ಜಾಗದಲ್ಲಿ ನಿಲ್ಲಿಸಿದರು. ಅವನು ಒತ್ತಿದ, ಸ್ಪೀಕರ್ ಗುಡುಗಿತು, ಜನ ಅಷ್ಟೇ ಜೋರಾಗಿ ಸಿಳ್ಳೆ ಹೊಡೆದರು. ಒಬ್ಬರಿಗಾದರೂ ವ್ಯತ್ಯಾಸ ಗೊತ್ತಾಗಬೇಡವೇ? ಆವತ್ತೇ ನಾನು ಹೆಂಗಸರ ಸಾಲು ಬಿಟ್ಟು ಕೆಳಗಿಳಿದೆ.

ದೊಡ್ಡಮ್ಮನ ಮಗಳು ಒಂದು ದಿನ ಊಟದ ಹೊತ್ತಿಗೆ ಲಾಂಡ್ರಿಗೆ ಬಂದಳಂತೆ. ಕೊನೆಯ ಸಾಲು ಅರ್ಧಕ್ಕೇ ನಿಂತುಹೋಯಿತು ಅಣ್ಣ, ಅಮ್ಮ ಎಲ್ಲೋ ನಡುನೀರಿನಲ್ಲಿ ಇದ್ದ ಹಾಗೆ ಅನ್ನಿಸುತ್ತದೆ ಅಂದಳಂತೆ. ಭಾವ ಅಕ್ಕನಿಗೂ ನನಗೂ ಹೇಳಿಕಳಿಸಿದರು. ಮಾರನೇ ದಿನ ಮಧ್ಯಾಹ್ನ ಯಂತ್ರಗಳನ್ನೆಲ್ಲ ನಿಲ್ಲಿಸಿ, ಮಡಿಚುವ ಮೇಜಿನ ಸುತ್ತ ನಿಂತು ಹಾಡಿದೆವು. ದೊಡ್ಡಮ್ಮನ ಸ್ವರ ಅಕ್ಕನಿಗೆ, ಅದರ ಕೆಳಗೆ ನಾನು, ನನ್ನ ಕೆಳಗೆ ಬಾಯ್ಲರ್ ನೋಡಿಕೊಳ್ಳುವವ. ಅವನು ಅಲ್ಲಲ್ಲಿ ತಪ್ಪಿದ, ಯಾರೂ ಲೆಕ್ಕಿಸಲಿಲ್ಲ. ಎಲ್ಲಕ್ಕಿಂತ ಕೆಳಗೆ ಭಾವ. ಕೊನೆಯ ಪದದಲ್ಲಿ ನಾವೆಲ್ಲ ನಿಲ್ಲಿಸಿದೆವು, ಅವರು ನಿಲ್ಲಿಸಲಿಲ್ಲ. ಮಗಳು ಅಳುತ್ತಿದ್ದಳು. ಉಸಿರು ತೆಗೆದುಕೊಂಡು ಮತ್ತೆ ಅದೇ ಸ್ವರ, ಮತ್ತೆ ಉಸಿರು, ಮತ್ತೆ ಅದೇ ಸ್ವರ, ಆಕೆ ಕಣ್ಣೊರೆಸಿಕೊಂಡು ತಲೆ ಎತ್ತುವವರೆಗೂ.

ಭಾವ ಚರ್ಚಿಗೆ ಹೋಗುವುದನ್ನು ಬಿಟ್ಟಿಲ್ಲ. ಭಾನುವಾರ ನಡುಬೆಂಚಿನಲ್ಲಿ ಕೂತು ಸಭೆಯ ಜೊತೆ ಹಾಡುತ್ತಾರೆ. ಅಕ್ಕ ಒಂದು ಕಡೆ, ನಾನು ಒಂದು ಕಡೆ. ಹೋದ ತಿಂಗಳು ಮೇಷ್ಟ್ರು ಬೆಂಚಿಗೇ ಹೇಳಿಕಳಿಸಿದರು, ಬೆಂಚಿನಿಂದ ಬರುವ ದನಿ ಡಬ್ಬಿಯ ದನಿಗೆ ಅಡ್ಡ ಬರುತ್ತಿದೆ, ಸ್ವಲ್ಪ ತಗ್ಗಿಸಿ ಹಾಡಲಿ ಅಂತ. ತಗ್ಗಿಸಿಯೇ ಹಾಡುತ್ತಿದ್ದೇನೆ, ಇದಕ್ಕಿಂತ ತಗ್ಗಿಸೋದಕ್ಕೆ ನನ್ನಿಂದಾಗದು ಅಂತ ಭಾವ ಉತ್ತರ ಕಳಿಸಿದರು. ಸುತ್ತ ಕೂತವರು ನಕ್ಕರು. ನನಗೆ ನಗು ಬರಲಿಲ್ಲ. ಆ ಮಗಳಿಗೆ ಮಾತ್ರ ಇಲ್ಲಿಯವರೆಗೆ ಯಾರೂ ತಪ್ಪಾಯ್ತು ಅಂದಿಲ್ಲ.