ಟಕ್ ಎನ್ನುವ ಯಂತ್ರ

ತಿಪಟೂರಿನ ಒಂದು ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಕತ್ತು ಬಗ್ಗಿಸಿ ಕೂತಿದ್ದೇನೆ. ಕೊಬ್ಬರಿ ಎಣ್ಣೆ ಎಷ್ಟು ಕೆಟ್ಟಿದೆ ಎಂದು ನೋಡುವುದು ನನ್ನ ಕೆಲಸ. ಗಾಜಿನ ಫ್ಲಾಸ್ಕಿನಲ್ಲಿ ಎಣ್ಣೆಗೆ ಸ್ಪಿರಿಟ್ಟು, ಬಣ್ಣ ತೋರಿಸುವ ಸೂಚಕ ಬೆರೆಸಿ, ಬ್ಯೂರೆಟ್ಟೆಂಬ ಗೆರೆ ಹಾಕಿದ ಕೊಳವೆಯಿಂದ ಕ್ಷಾರವನ್ನು ಹನಿ ಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಣ್ಣ ಬಂದ ಹನಿಗೆ ನಿಲ್ಲಿಸಬೇಕು. ಅಲ್ಲಿಯವರೆಗೆ ಇಳಿದ ಕ್ಷಾರದ ಅಳತೆಯೇ ರೀಡಿಂಗ್. ಒಂದು ಹನಿ ಹೆಚ್ಚಾದರೂ ಮತ್ತೆ ಮೊದಲಿನಿಂದ. ಸೀಸನ್ನಿನಲ್ಲಿ ಸಂಜೆ ಹೊತ್ತಿಗೆ ಮಜ್ಜಿಗೆಯೂ ಗುಲಾಬಿಯಾಗಿಯೇ ಕಾಣುತ್ತಿತ್ತು.

ಲೋಕೋದ್ಧಾರಕ್ಕಲ್ಲ, ಕತ್ತುನೋವು ತಾಳಲಾರದೆ ನಾನು ಆ ಯಂತ್ರ ಮಾಡಿದ್ದು. ಒಂದು ಹಸಿರು ಬಲ್ಬು, ಮೊಬೈಲಿನಲ್ಲಿ ಆರ್ಡರ್ ಮಾಡಿದ ಸೆನ್ಸರು, ಗ್ಲೂಕೋಸ್ ಡ್ರಿಪ್ಪಿನ ಕೊಳವೆ. ಗುಲಾಬಿ ಬಂದ ತಕ್ಷಣ ಕ್ಲಿಪ್ಪೊಂದು ಟಕ್ ಎಂದು ಕೊಳವೆ ಹಿಸುಕುತ್ತಿತ್ತು. ಮೂರು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಹೆಂಡತಿ ಮಾತು ಬಿಟ್ಟಿದ್ದಳು.

ಲ್ಯಾಬಿನಲ್ಲಿದ್ದ ಇನ್ನೊಬ್ಬರು ಶೆಟ್ಟಿಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅಕ್ಕ. ನನಗೆ ಕೆಲಸ ಕಲಿಸಿದವರೇ ಅವರು. ಮಿಲ್ಲಿನ ಸಾಹುಕಾರರು ಯಂತ್ರ ನೋಡಿ, "ಒಂದ್ ವಾರ ಆಯಮ್ಮನ ಪಕ್ಕದಲ್ಲೇ ಓಡ್ಸಿ. ರೀಡಿಂಗ್ ಒಂದೇ ಬಂದ್ರೆ ಲ್ಯಾಬಿಗೆ ಇಬ್ರು ಯಾಕ್ರೀ?" ಎಂದರು. ಇಬ್ಬರಲ್ಲಿ ಹೋಗಬೇಕಾದವರು ಅಕ್ಕನೇ. ಅಕ್ಕನ ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೂ ಎರಡು ವರ್ಷವಿತ್ತು. ಅಕ್ಕನ ರೀಡಿಂಗ್ ಬೇರೆ ಬರಲಿ ಎಂದು ನಾನೇ ಬೇಡಿಕೊಂಡೆ.

ಬರಲಿಲ್ಲ. ಒಂದೇ ಎಣ್ಣೆಯನ್ನು ಎರಡು ಪಾಲು ಮಾಡಿ, ಅಕ್ಕನೂ ಯಂತ್ರವೂ ಒಟ್ಟಿಗೆ ಹನಿ ಬಿಡಲು ಶುರು ಮಾಡುತ್ತಿದ್ದರು. ಐದು ದಿನವೂ ಹನಿಗೆ ಹನಿ ಸರಿಹೋಯಿತು.

ಆರನೆಯ ದಿನ ಮಧ್ಯಾಹ್ನ ಹನಿ ಬಿಡುತ್ತಿದ್ದ ನಡುವೆಯೇ ಕರೆಂಟು ಹೋಯಿತು. ಕಿಟಕಿಯಲ್ಲಿ ಬೆಳಕು ಬೇಕಾದಷ್ಟಿತ್ತು. ಯಂತ್ರ ಸುಮ್ಮನಾದರೂ ಅಕ್ಕ ಹನಿ ಬಿಡುತ್ತಲೇ ಇದ್ದರು. ಅವರ ಫ್ಲಾಸ್ಕು ಗುಲಾಬಿಯಾಯಿತು, ಆಮೇಲೆ ಬೀಟ್ರೂಟ್ ಬೇಯಿಸಿದ ನೀರಿನಂತಾಯಿತು. ಅಕ್ಕ ನಿಲ್ಲಿಸಲಿಲ್ಲ. ಯಂತ್ರದ ಕಡೆ ಕಿವಿ ವಾಲಿಸಿಕೊಂಡು, ಅದು ಟಕ್ ಎನ್ನುವುದನ್ನು ಕಾಯುತ್ತಿದ್ದರು.

ನಾನೇ ಕೈ ಚಾಚಿ ಅವರ ಬ್ಯೂರೆಟ್ಟಿನ ತಿರುಪು ತಿರುಗಿಸಿ ನಿಲ್ಲಿಸಿದೆ.

"ಸಕ್ಕರೆ ಕಾಯ್ಲೆ ಕಣ್ಣಿಗೆ ಬಂದೈತೆ ಕಣಪ್ಪ," ಎಂದರು. "ಭೂತಗನ್ನಡೀಲಿ ಗೆರೆ ಕಾಣ್ತದೆ, ತೆಳು ಬಣ್ಣ ಕಾಣಲ್ಲ. ಆರ್ ತಿಂಗ್ಳಿಂದ ಅಂದಾಜಲ್ಲೇ ತಳ್ತಿದ್ದೆ."

"ಅಲ್ಲಕ್ಕ, ನೀವು ಬೇರೆ ರೀಡಿಂಗ್ ಕೊಟ್ಟಿದ್ರೆ ಯಂತ್ರ ಸರಿಯಿಲ್ಲ ಅಂತಿದ್ರು. ನಿಮ್ಮ ಕೆಲ್ಸ ಉಳೀತಿತ್ತು."

"ಸಾಹುಕಾರ್ರು ನಂಗೇ ಕಣ್ಣು ತೋರ್ಸ್ಕೊಂಡ್ ಬಾ ಅಂದ್ಬುಟ್ಟಿದ್ರೆ?"

ಸಾಹುಕಾರರಿಗೆ ನಾನು ಯಂತ್ರವನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಕರೆಂಟು ಹೋದರೆ ರೀಡಿಂಗ್ ಕೆಡುತ್ತದೆ ಎಂದೆ. ಅವರು ನಕ್ಕು, "ಹೋಗ್ಲಿ ಬುಡಿ ವಿಜ್ಞಾನಿಗಳೇ," ಎಂದರು. ಯಂತ್ರ ಅಟ್ಟ ಸೇರಿತು. ಮಿಲ್ಲಿನವರ ಬಾಯಲ್ಲಿ ನಾನು ಇವತ್ತಿಗೂ ವಿಜ್ಞಾನಿಯೇ.

ಮುಂದಿನ ಎರಡು ವರ್ಷ ನನ್ನ ಫ್ಲಾಸ್ಕಿನ ಜೊತೆ ಅಕ್ಕನ ಫ್ಲಾಸ್ಕನ್ನೂ ನೋಡಿದೆ. ಅವರದರಲ್ಲಿ ಗುಲಾಬಿ ಬಂದಾಗ ಪೆನ್ನಿನಿಂದ ಮೇಜಿಗೆ ಟಕ್ ಎಂದು ಬಡಿಯುತ್ತಿದ್ದೆ. ಅವರು ನಿಲ್ಲಿಸುತ್ತಿದ್ದರು. ಕತ್ತುನೋವು ಎರಡರಷ್ಟಾಯಿತು. ಕೆಲವು ದಿನ ಅಕ್ಕನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು, ಆದರೂ ಒಂದು ಹನಿ ತಪ್ಪಿಸಲಿಲ್ಲ.

ಮಗಳಿಗೆ ಕೆಲಸ ಸಿಕ್ಕ ತಿಂಗಳೇ ಅಕ್ಕ ಬಿಟ್ಟರು. ಬಸ್ಸು ಹತ್ತುವ ಮುಂಚೆ, "ಇನ್ನ ನಿನ್ ಮಿಷನ್ ಇಳ್ಸ್ಕೊ ಕಣಪ್ಪ. ನಿಂಗೂ ಸುಸ್ತಾಗೈತೆ," ಎಂದರು.

ಇಳಿಸಿದೆ. ಇಲಿ ವೈರುಗಳನ್ನೆಲ್ಲ ಕಡಿದು ಹಾಕಿತ್ತು. ಮತ್ತೆ ಮೂರು ತಿಂಗಳ ಭಾನುವಾರ ಕೊಡುವ ಶಕ್ತಿ ನನಗಿಲ್ಲ. ಲ್ಯಾಬಿನಲ್ಲಿ ಈಗ ನಾನೊಬ್ಬನೇ. ಗುಲಾಬಿ ಬಂದ ಕೂಡಲೇ ಪೆನ್ನು ಮಾತ್ರ ತಾನಾಗಿಯೇ ಮೇಜಿಗೆ ಬಡಿಯುತ್ತದೆ.